ಹಸಿ ಗೋಡೆಯ ಕರಾರು

ಆ ವರ್ಷ ಮಳೆ ಬಂತೆಂದರೆ ಹತ್ತಿಮತ್ತೂರಿನ ಹೂವಪ್ಪನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಆರಿದ್ರಾ ಮಳೆ ಚೆನ್ನಾಗಿ ಹಿಡಿದಿದೆ ಎಂದು ಊರಿಗೆ ಊರೇ ಖುಷಿಯಲ್ಲಿದ್ದಾಗ ಈತ ಮಾತ್ರ ಪಡಸಾಲೆಯ ಕಂಬಕ್ಕೆ ಒರಗಿ, ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಎಂದು ನೋಡುತ್ತ ಕೂತಿರುತ್ತಿದ್ದ. ಪಡುವಣದಿಂದ ಬೀಸಿದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಹೆಂಡತಿ ಕರೆವ್ವ ಎರಡು ದಿನ ಸುಮ್ಮನೆ ನೋಡಿದಳು, ಮೂರನೆಯ ದಿನ ಏನಾಯಿತೆಂದು ಕೇಳಿದಳು. ಏನಿಲ್ಲ ಅಂದ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳಿಗೆ ಗಂಡನ ‘ಏನಿಲ್ಲ’ ಅಂದರೆ ಎಷ್ಟು ಇದೆ ಎಂದು ಗೊತ್ತಿರುತ್ತದೆ. ಆದರೂ ಕೆದಕಲಿಲ್ಲ.

ಇದ್ದದ್ದು ಒಂದು ಗೋಡೆ. ಎಂಟೊಂಬತ್ತು ಹರದಾರಿ ಆಚೆ, ಶಿಗ್ಗಾವಿಯಿಂದ ಹಾನಗಲ್ಲಿಗೆ ಹೋಗುವ ದಾರಿಯ ಮಡ್ಡಿಕೊಪ್ಪದಲ್ಲಿ ಹೊಸದಾಗಿ ಕಟ್ಟಿದ ಶಾಲೆಯ ಪಡುವಣ ಗೋಡೆ. ಕಟ್ಟಿದವನು ಹೂವಪ್ಪನೇ. ಆ ಗೋಡೆಯ ನೆತ್ತಿಯ ಎರಡು ಸುತ್ತು ಮಣ್ಣು ಒಣಗುವ ಮೊದಲೇ ಅದರ ಮೇಲೆ ತೊಲೆ ಇಟ್ಟು ಹಂಚು ಹೊದಿಸಿದ್ದು ಅವನಿಗೆ ಮತ್ತು ಅವನ ನಾಲ್ಕು ಆಳುಗಳಿಗೆ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿಲ್ಲ. ಗೋಡೆಯ ಬುಡದಲ್ಲಿ ದಿನಾ ನಲವತ್ತು ಮಕ್ಕಳು ಕೂತು ಮಗ್ಗಿ ಹೇಳುತ್ತಿದ್ದವು.

ಹೂವಪ್ಪ ದಡ್ಡನಲ್ಲ, ಮೈಗಳ್ಳನೂ ಅಲ್ಲ. ಸವಣೂರು ಸೀಮೆಯಲ್ಲಿ ಮಣ್ಣಿನ ಗೋಡೆ ಎಂದರೆ ಅವನ ಹೆಸರೇ ಮೊದಲು ಬರುತ್ತಿತ್ತು. ಮಣ್ಣಿಗೆ ಹುಲ್ಲು ಸೇರಿಸಿ, ನೆನೆಹಾಕಿ, ತುಳಿದು, ಮೊಳದೆತ್ತರ ಒಂದು ಸುತ್ತು ಏರಿಸುವುದು. ಎಂಟು ದಿನ ಬಿಸಿಲಿಗೆ ಬಿಡುವುದು. ಆಮೇಲೆ ದಬ್ಬಣ ಚುಚ್ಚಿ ನೋಡುವುದು. ದಬ್ಬಣ ಇಳಿಯದಿದ್ದರೆ ಮಾತ್ರ ಮುಂದಿನ ಸುತ್ತು. ಇಷ್ಟನ್ನೇ ಅವನ ಅಪ್ಪ ಕಲಿಸಿದ್ದು, ಇಷ್ಟನ್ನೇ ಅವನು ಜೀವನಪೂರ್ತಿ ಮಾಡಿದ್ದು. ಅಂಥವನು ಹಸಿ ಗೋಡೆಯ ಮೇಲೆ ತೊಲೆ ಯಾಕೆ ಇಟ್ಟ ಎಂದರೆ, ಅದಕ್ಕೆ ಕಾರಣ ಅವನ ಕೈಯಲ್ಲ, ಅವನ ಹೆಬ್ಬೆರಳು.

ಹಿಂದಿನ ಮಾಘದಲ್ಲಿ ಮಡ್ಡಿಕೊಪ್ಪದ ಸಾವುಕಾರ ಕುಬೇರಪ್ಪ ಅವನನ್ನು ಹುಡುಕಿಕೊಂಡು ಬಂದಿದ್ದರು. ಊರಲ್ಲಿ ಶಾಲಾ ಕಮಿಟಿ ಮಾಡಿಕೊಂಡಿದ್ದರು, ಕುಬೇರಪ್ಪನವರೇ ಅದರ ಹಿರಿಯರು. ಇಬ್ಬರೂ ಸವಣೂರಿಗೆ ಹೋಗಿ, ಕಚೇರಿಯ ಎದುರು ಚಾಪೆ ಹಾಸಿ ಕೂತು ಕಾಗದಪತ್ರ ಬರೆಯುವ ಬಂದೇಸಾಬನ ಮುಂದೆ ಕೂತರು. ಬಂದೇಸಾಬ ಕನ್ನಡಕ ಏರಿಸಿಕೊಂಡು, ಕರಾರು ಎರಡು ಬಗೆಯಲ್ಲಿ ಬರೆಯಬಹುದು ಎಂದು ಬಿಡಿಸಿ ಹೇಳಿದ. ಒಂದು, ದಿನಗೂಲಿಯದು: ಕಮಿಟಿ ಹೇಳಿದಂತೆ ಹೂವಪ್ಪ ಕೆಲಸ ಮಾಡುವುದು, ಬೇಗ ಆಗಲಿ ತಡ ಆಗಲಿ, ನಿಲ್ಲಲಿ ಬೀಳಲಿ, ಹೊಣೆ ಕಮಿಟಿಯದು. ಇನ್ನೊಂದು, ಇಡೀ ಗುತ್ತಿಗೆಯದು: ಹೂವಪ್ಪನೇ ಯಜಮಾನ, ಹೇಗೆ ಕಟ್ಟಬೇಕೆಂದು ಯಾರೂ ಹೇಳುವಂತಿಲ್ಲ, ಆದರೆ ಹೊಣೆಯೂ ಅವನದೇ.

ಹೂವಪ್ಪ ಒಂದು ಕ್ಷಣವೂ ಯೋಚಿಸದೆ ಗುತ್ತಿಗೆ ಎಂದ. ಇಪ್ಪತ್ತು ವರ್ಷ ಕಂಡವರ ಕೈಕೆಳಗೆ ದುಡಿದವನಿಗೆ ಒಂದು ಕಟ್ಟಡವಾದರೂ ತನ್ನದು ಅನ್ನಿಸಿಕೊಳ್ಳಬೇಕೆಂಬ ಆಸೆ ಇತ್ತು, ಅದೇನು ದೊಡ್ಡ ತಪ್ಪಲ್ಲ. ಜೊತೆಗೆ ಒಂದು ಜಾಣತನವನ್ನೂ ಮೆರೆದ. ಹಿಂದೊಮ್ಮೆ ಹಿರೇಕೆರೂರಿನ ಒಬ್ಬ ಮನೆಯ ಧಣಿ, ತಾನೇ ಹಂಚು ಒಡೆದುಕೊಂಡು, ಸೋರುತ್ತದೆ ಎಂದು ಮೂರು ಮಳೆಗಾಲ ಇವನನ್ನು ಕರೆಸಿ ದುಡಿಸಿದ್ದ. ಆ ಪಾಠ ನೆನಪಿಟ್ಟುಕೊಂಡು, ಕಮಿಟಿ ಕಟ್ಟಡವನ್ನು ತಾಬಾಕ್ಕೆ, ಅಂದರೆ ತನ್ನ ವಶಕ್ಕೆ, ತಗೊಂಡ ಮೇಲೆ ತನ್ನ ಮೇಲೆ ಯಾವ ತಕರಾರೂ ಇರಕೂಡದು ಎಂದು ಒಂದು ಕಲಮು ಬರೆಸಿದ. ಬಂದೇಸಾಬ ಕೂಡ ‘ಶಾಣ್ಯಾ ಅದಿ’ ಎಂದು ಮೆಚ್ಚಿಕೊಂಡ. ಹೂವಪ್ಪ ಆ ದಿನ ಸಂತೆಯಲ್ಲಿ ಕರೆವ್ವನಿಗೆ ಬಳೆ ಕೊಂಡುಕೊಂಡು ಮನೆಗೆ ಹೋದ.

ಕೆಲಸ ಯಾವಾಗ ಮುಗಿಸುತ್ತೀ ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ, ಮಿರಗ ಕೂಡುವುದರೊಳಗೆ. ಅವನ ವರ್ಷವೆಲ್ಲ ಮಳೆ ನಕ್ಷತ್ರಗಳ ಮೇಲೇ ನಡೆಯುತ್ತಿತ್ತು. ಮೃಗಶಿರ ಮಳೆಗೆ ಮೊದಲು ಗೋಡೆ ಕೆಲಸ ಮುಗಿಯಬೇಕು. ಅವನ ಅಪ್ಪನಿಗೂ ಅದೇ ಗಡುವು, ಅಜ್ಜನಿಗೂ ಅದೇ. ಬಂದೇಸಾಬ ಲೇಖಣಿ ಕೆಳಗಿಟ್ಟು ನಕ್ಕ.

“ಕೋರ್ಟಿನ್ಯಾಗ ಮಿರಗ ಬಂದು ಸಾಕ್ಷಿ ಹೇಳೂದಿಲ್ಲೋ ಹೂವಪ್ಪ. ತಾರೀಖು ಬೇಕು.”

ಹಾಗೆಂದು, ಮಳೆಗಾಲಕ್ಕೆ ಮುಂಚೆ ಎಂದರೆ ಮೇ ತಿಂಗಳ ಕೊನೆ ಎಂದು ತಾನೇ ಲೆಕ್ಕ ಹಾಕಿ, ೧೯೩೯ನೇ ಇಸವಿ ಮೇ ಮೂವತ್ತೊಂದು ಎಂದು ಬರೆದ. ಆ ದಿನ ದಾಟಿದರೆ ಕೆಲಸ ಕಸಿದು ಬೇರೆಯವರಿಗೆ ಕೊಡುವ ಅಧಿಕಾರ ಕಮಿಟಿಗೆ, ಅಲ್ಲಿಯವರೆಗಿನ ದುಡಿತಕ್ಕೆ ಹೂವಪ್ಪನಿಗೆ ಏನೂ ಸಿಗದು ಎಂದೂ ಬರೆದ. ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳಿದ. ಹೂವಪ್ಪ ತಲೆಯಾಡಿಸಿದ. ಮೇ ಮೂವತ್ತೊಂದು ಎಂದರೆ ಮಿರಗ ಕೂಡುವ ದಿನಕ್ಕೆ ಸರ್ಕಾರದವರು ಇಟ್ಟ ಹೆಸರು ಎಂದು ಅವನು ತಿಳಿದುಕೊಂಡ. ಮಿರಗ ಕೂಡುವುದು ಅದಾದ ಎಂಟನೆಯ ದಿನಕ್ಕೆ ಎಂಬುದು ಬಂದೇಸಾಬನಿಗೂ ಹೊಳೆಯಲಿಲ್ಲ. ಹೂವಪ್ಪ ಹೆಬ್ಬೆರಳು ಒತ್ತಿದ.

ಆ ಎಂಟು ದಿನದ ವಿಷಯ ಗೊತ್ತಾದದ್ದು ವೈಶಾಖದ ಕೊನೆಗೆ. ಮೂರು ಗೋಡೆ ಪೂರ್ತಿ ಎದ್ದು ಒಣಗಿ ನಿಂತಿದ್ದವು. ಪಡುವಣ ಗೋಡೆಗೆ ಮಾತ್ರ ದೊಡ್ಡ ಹುಣಸೆ ಮರದ ನೆರಳು, ಹಾಗಾಗಿ ಅದು ನಿಧಾನ. ಅದರ ಎರಡು ಸುತ್ತು ಬಾಕಿ ಇದ್ದವು. ಎರಡು ಸುತ್ತಿಗೆ ಹದಿನಾರು ದಿನ, ತೊಲೆ ಹಂಚಿಗೆ ಐದು ದಿನ, ಮಿರಗಕ್ಕೆ ಸರಿಯಾಗಿ ಮುಗಿಯುತ್ತದೆ ಎಂದು ಅವನು ನಿಶ್ಚಿಂತೆಯಿಂದ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಗ ಕುಬೇರಪ್ಪ ಬಂದು, ಇನ್ನು ಹದಿಮೂರೇ ದಿನ ಉಳಿಯಿತು ಎಂದರು. ಹೂವಪ್ಪ ಎಲೆಯಡಿಕೆ ಉಗುಳಿ ಎದ್ದು ನಿಂತ. ಎಂಟು ದಿನ ಹೆಚ್ಚಿಗೆ ಕೇಳಿದ, ಕಾಲು ಹಿಡಿಯುವುದೊಂದು ಬಾಕಿ. ಕುಬೇರಪ್ಪ ಕೆಟ್ಟವರೇನಲ್ಲ, ಆದರೆ ಅವರ ಕುತ್ತಿಗೆಗೂ ಹಗ್ಗವಿತ್ತು: ಜೂನ್ ಒಂದನೇ ತಾರೀಖು ಇನ್ಸ್‌ಪೆಕ್ಟರರು ಬರುವವರಿದ್ದರು. ಕಟ್ಟಡ ಮುಗಿಯದಿದ್ದರೆ ಶಾಲೆ ಪಕ್ಕದ ಊರಿಗೆ ಹೋಗುತ್ತಿತ್ತು. ಕಾಗದದಲ್ಲಿ ಇದ್ದಂತೆ ನಡೆಯಲಿ ಎಂದು ಹೇಳಿ ಹೋದರು.

ಹೂವಪ್ಪ ಎಂಟು ದಿನದ ಸುತ್ತನ್ನು ನಾಲ್ಕು ದಿನಕ್ಕೆ ಏರಿಸಿದ. ಮೊದಲ ಸುತ್ತಿಗೆ ದಬ್ಬಣ ಚುಚ್ಚಿದ, ಅರ್ಧ ಇಳಿಯಿತು. ಎರಡನೆಯದಕ್ಕೆ ಚುಚ್ಚಲೇ ಇಲ್ಲ. ಚುಚ್ಚಿದ್ದರೆ ಗೊತ್ತಾಗುತ್ತಿತ್ತು, ಗೊತ್ತಾದರೆ ನಿಲ್ಲಿಸಬೇಕಾಗುತ್ತಿತ್ತು. ಮೇ ಮೂವತ್ತೊಂದಕ್ಕೆ ಕೀಲಿಕೈ ಕುಬೇರಪ್ಪನವರ ಕೈಗೆ ಬಂತು. ಗೋಡೆ, ಮಾಡು ಎಲ್ಲ ಪರೀಕ್ಷಿಸಿ ನೋಡಿದ್ದೇವೆ, ಗಟ್ಟಿ ಇವೆ ಎಂದು ಕಮಿಟಿಯ ಐದು ಜನ ಸಹಿ ಹಾಕಿದ ತಾಬಾ ಪತ್ರ ಹೂವಪ್ಪನ ಕೈಗೆ ಬಂತು. ಅದನ್ನು ಮನೆಯ ತೊಲೆಸಂದಿಗೆ ಸಿಕ್ಕಿಸಿಟ್ಟ. ಅಂದಿನಿಂದ ಆ ಕಡೆ ತಲೆಯೆತ್ತಿ ನೋಡಲು ಅವನಿಗೆ ಆಗುತ್ತಿರಲಿಲ್ಲ.

ಆರಿದ್ರಾ ಕೂಡಿದ ವಾರ ತಡೆಯಲಾರದೆ, ಕರಾರು, ತಾಬಾ ಪತ್ರ ಎರಡನ್ನೂ ಕಟ್ಟಿಕೊಂಡು ಎದ್ದು ಹೊರಟ. ಮೊದಲು ಮಡ್ಡಿಕೊಪ್ಪಕ್ಕೆ ಹೋದ. ಮಕ್ಕಳನ್ನು ಊಟಕ್ಕೆ ಬಿಟ್ಟಿದ್ದರು. ಹುಣಸೆ ಮರದ ಕಡೆಯಿಂದ ಕಲ್ಲು ಪೇರಿಸಿ ಹತ್ತಿ, ಸೂರಿನ ಕೆಳಗೆ ದಬ್ಬಣ ಚುಚ್ಚಿದ. ಬೆಲ್ಲದ ಹಸಿ ಅಚ್ಚಿಗೆ ಇಳಿದಂತೆ ಹಿಡಿಯವರೆಗೂ ಇಳಿಯಿತು. ಹೊರತೆಗೆದಾಗ ತುದಿಗೆ ಕೆಸರು. ಕೆಳಗಿಳಿದು ಮಗ್ಗುಲ ಕಿಟಕಿಯಿಂದ ಒಳಗೆ ಇಣುಕಿದರೆ, ಬಾಗಿಲಿನ ಇರಚಲು ಹೊಡೆಯಬಾರದೆಂದು ಮಾಸ್ತರರು ಸಣ್ಣ ಮಕ್ಕಳು ಕೂರುವ ಹಲಗೆಗಳನ್ನು ಅದೇ ಗೋಡೆಗೆ ತಾಗಿಸಿ ಹಾಕಿದ್ದರು.

ಅಲ್ಲಿಂದ ನೇರ ಕುಬೇರಪ್ಪನವರ ಮನೆಗೆ ಹೋಗಿ, ಪಡುವಣ ಗೋಡೆ ಇನ್ನೂ ಹಸಿ ಐತ್ರಿ ಎಂದ. ಅವರು ಸುತ್ತ ನೋಡಿ, ಬಾಗಿಲು ಮುಂದೆ ಮಾಡಿ ಕೂರಿಸಿದರು. ಐದು ಜನ ಸಹಿ ಮಾಡಿದ ಮೇಲೆ ಈಗ ಹಸಿ ಎಂದರೆ ಐದೂ ಜನ ಸುಳ್ಳರಾಗುತ್ತೇವೆ, ದಸರೆಗೆ ಮಳೆ ಹೋದ ಮೇಲೆ ಸದ್ದಿಲ್ಲದೆ ಸರಿಮಾಡೋಣ ಎಂದರು. ಕೊನೆಗೆ ತಗ್ಗಿದ ದನಿಯಲ್ಲಿ ಒಂದು ಮಾತು ಸೇರಿಸಿದರು: “ನೀ ಬಾಯಿಲೆ ಹೇಳಿದ್ದನ್ನ ನಾ ಕೇಳಿಲ್ಲ ಅಂತ ತಿಳೀತೇನಿ. ನೀನೂ ಹೇಳಿಲ್ಲ ಅಂತ ತಿಳಕೋ.”

ಹೂವಪ್ಪ ಹಾನಗಲ್ಲಿಗೆ ನಡೆದು ಅಲ್ಲಿಯ ವಕೀಲ ಪರಮೇಶ್ವರಪ್ಪನವರನ್ನು ಕಂಡ. ಅವರು ಕರಾರು, ತಾಬಾ ಪತ್ರ ಎರಡನ್ನೂ ಎರಡೆರಡು ಸಲ ಓದಿ ಬೆನ್ನು ತಟ್ಟಿದರು. ತಾಬಾ ಕೊಟ್ಟ ಮೇಲೆ ತಕರಾರಿಲ್ಲ ಎಂದು ಬರೆಸಿಕೊಂಡಿದ್ದೀಯ, ಗೋಡೆ ನಾಳೆ ಬಿದ್ದರೂ ನಿನ್ನನ್ನು ಯಾರೂ ಮುಟ್ಟುವಂತಿಲ್ಲ ಎಂದರು. ಆದರೆ ಅದಕ್ಕೊಂದು ಮಿತಿ ಇತ್ತು.

“ಗೊತ್ತಿದ್ದೂ ಮುಚ್ಚಿಟ್ಟಿ ಅಂದ್ರ ಅದು ಮೋಸ ಆಗತೈತಿ. ಆಗ ಯಾವ ಕಲಮೂ ನಿನ್ನ ಕಾಯೂದಿಲ್ಲ, ಜೇಲ ಆಗಬಹುದು. ನಿನ್ನ ಆಳುಗಳು ಬಾಯಿ ಬಿಡೂದಿಲ್ಲ, ಗೊತ್ತಿತ್ತು ಅಂತ ಹೇಳಾಂವ ನೀ ಒಬ್ಬನ. ಹೇಳಬ್ಯಾಡ.”

ಮತ್ತೆ ಆ ಗೋಡೆಯನ್ನು ಮುಟ್ಟಲೂ ಹೋಗಬೇಡ, ಕಟ್ಟಡ ಈಗ ಕಮಿಟಿಯದು, ಮುಟ್ಟಿದರೆ ಅದೇ ಇನ್ನೊಂದು ಕೇಸು ಎಂದೂ ತಿಳಿಹೇಳಿದರು. ಎಷ್ಟು ಮಕ್ಕಳು ಕೂರುತ್ತವೆ ಎಂದು ಅವರು ಕೇಳಲಿಲ್ಲ, ಇವನೂ ಹೇಳಲಿಲ್ಲ. ವಾಪಸು ಬರುವಾಗ ಹೂವಪ್ಪನಿಗೆ ಒಂದು ವಿಚಿತ್ರ ಹೊಳೆಯಿತು. ಅವನನ್ನು ಒಂದು ಕಾಗದ ಕಾಯುತ್ತಿತ್ತು, ಕುಬೇರಪ್ಪನವರನ್ನು ಇನ್ನೊಂದು. ಆ ಗೋಡೆಯ ಬುಡದಲ್ಲಿ ಕೂರುವವರನ್ನು ಕಾಯಲು ಮಾತ್ರ ಯಾರೂ ಏನನ್ನೂ ಬರೆದಿರಲಿಲ್ಲ.

ಆಮೇಲೆ ಐದು ದಿನ ಮಳೆ ಬಿಡಲೇ ಇಲ್ಲ. ಹಳ್ಳ ಕೊಳ್ಳ ಏರಿ, ಮಡ್ಡಿಕೊಪ್ಪದ ಶಾಲೆಗೆ ರಜೆ ಕೊಟ್ಟಿದ್ದಾರೆ, ಬಿಸಿಲು ಬಿದ್ದ ಮರುದಿನವೇ ಮತ್ತೆ ಶಾಲೆ ಎಂದು ಆ ಕಡೆಯಿಂದ ಬಂದ ಗಾಡಿಯವನು ಹೇಳಿದ. ಹೂವಪ್ಪ ಆ ಐದು ದಿನ ಸ್ವಲ್ಪ ಉಸಿರಾಡಿದ. ಕರೆವ್ವನಿಗೂ ಎಲ್ಲವನ್ನೂ ಹೇಳಿಬಿಟ್ಟ.

ಭಾನುವಾರ ಬೆಳಗ್ಗೆ ಛಳ್ಳನೆ ಬಿಸಿಲು ಬಿತ್ತು. ಕರೆವ್ವ ಒದ್ದೆ ಬಟ್ಟೆ ಹರವುತ್ತ, ಇಷ್ಟು ಮಳೆಗೆ ಬೀಳದ ಗೋಡೆ ಇನ್ನು ಬೀಳುತ್ತದೆಯೇ, ದೇವರು ದೊಡ್ಡವನು ಎಂದಳು. ಗಂಡನ ಮುಖ ನೋಡಿದರೆ ಬಿಳಿಚಿಕೊಂಡಿತ್ತು. ಮಣ್ಣಿನ ಗೋಡೆ ಮಳೆಯಲ್ಲಿ ಬೀಳುವುದು ಕಡಿಮೆ. ನೆನೆದಿರುವಾಗ ಒಳಗೂ ಹೊರಗೂ ಒಂದೇ ಸಮ ಉಬ್ಬಿ ಹಿಡಿದುಕೊಂಡಿರುತ್ತದೆ. ಬಿಸಿಲು ಬಿದ್ದು ಹೊರಮೈ ಒಣಗಿ ಬಿಗಿಯತೊಡಗಿದಾಗ, ಒಳಗಿನ ಹಸಿ ಅದರ ಜೊತೆ ಬರುವುದಿಲ್ಲ. ಆಗ ಬಿರಿಯುತ್ತದೆ. ಅವನ ಅಪ್ಪ ಮಳೆಯಲ್ಲಿ ಹಳೆ ಗೋಡೆಯ ಮಗ್ಗುಲಲ್ಲೇ ಮಲಗುತ್ತಿದ್ದವನು ಮಳೆ ನಿಂತ ಮರುದಿನ ಮಾತ್ರ ಅದರ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ.

ನಾಳೆ ಬೆಳಗ್ಗೆ ಮಕ್ಕಳು ಬರುತ್ತವೆ. ಬಾಯಿಮಾತಿಗೆ ಬೆಲೆ ಇಲ್ಲವೆಂದು ಆಗಲೇ ಗೊತ್ತಾಗಿತ್ತು, ಬೇಕಾದದ್ದು ಕಾಗದ. ಸವಣೂರಿಗೆ ಹೋಗಿ ಬರೆಸುತ್ತೇನೆ ಎಂದ. ಕರೆವ್ವ ಕೈಯಲ್ಲಿದ್ದ ಬಟ್ಟೆ ಬಿಟ್ಟು ಅವನ ಎದುರು ನಿಂತಳು.

“ಹೋಗಬ್ಯಾಡ್ರಿ. ನಿಮ್ಮನ್ನ ಹಿಡಕೊಂಡು ಹೋದ್ರ ನಾ ಏನ್ ಮಾಡ್ಲಿ? ಗ್ವಾಡಿ ನಿಂತರೂ ನಿಂದ್ರಬಹುದಲ್ಲ?”

ನಿಂತರೂ ನಿಲ್ಲಬಹುದು, ಅದೇ ಅವನ ಆಸೆಯೂ ಆಗಿತ್ತು. ಹೋಗಬೇಡಿ ಎಂದವಳೇ ಒಳಗೆ ಹೋಗಿ, ಅಳುತ್ತಲೇ ನಾಲ್ಕು ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ಅವನ ಕೈಗೆ ತುರುಕಿದಳು.

ಭಾನುವಾರವಾದ್ದರಿಂದ ಬಂದೇಸಾಬ ಮನೆಯಲ್ಲೇ ಇದ್ದ. ವಿಷಯ ಕೇಳಿ, ಇಂಥ ಕಾಗದ ನಾನು ಜನ್ಮದಲ್ಲಿ ಬರೆದಿಲ್ಲ ಎಂದ. ಜನ ತಮ್ಮನ್ನು ಉಳಿಸಿಕೊಳ್ಳಲು ಬರೆಸುತ್ತಾರೆ, ಸಿಕ್ಕಿಹಾಕಿಕೊಳ್ಳಲು ಯಾರೂ ಬರೆಸುವುದಿಲ್ಲ. ಮಿರಗದ ಎಂಟು ದಿನದ ಕತೆ ಕೇಳಿದ ಮೇಲೆ ತಾನೇ ಹಾಕಿದ ತಾರೀಖು ನೆನಪಾಗಿ ಲೇಖಣಿ ಕೈಗೆತ್ತಿಕೊಂಡ. ನಂತರ ಬರೆದುಕೊಟ್ಟ, ಕೂಲಿ ಮುಟ್ಟಲಿಲ್ಲ. ಕಾಗದದಲ್ಲಿ ಇದ್ದದ್ದು ನಾಲ್ಕೇ ಸಾಲು: ಪಡುವಣ ಗೋಡೆಯ ಮೇಲಿನ ಎರಡು ಸುತ್ತನ್ನು ನಾನು ಹಸಿ ಇದ್ದಾಗಲೇ ಏರಿಸಿದ್ದೇನೆ, ಹಸಿ ಎಂದು ಗೊತ್ತಿದ್ದೇ ಏರಿಸಿದ್ದೇನೆ, ಗೋಡೆ ಯಾವಾಗ ಬೇಕಾದರೂ ಬೀಳಬಹುದು, ಒಳಗೆ ಯಾರನ್ನೂ ಕೂರಿಸಬಾರದು. ಹೂವಪ್ಪ ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿದ. ಮಸಿ ಹೆಚ್ಚಾಗಿ ಮೊದಲ ಗುರುತು ಕಲಸಿಹೋಯಿತು. ಎರಡನೆಯ ಸಲ ಬಂದೇಸಾಬ ಅವನ ಕೈ ಹಿಡಿದು ಒತ್ತಿಸಿದ.

ಶಿಗ್ಗಾವಿಯಲ್ಲಿ ಗುಡಿಯ ಕಟ್ಟೆಯ ಮೇಲೆ ಮಲಗಿ, ಬೆಳಕು ಹರಿಯುವ ಮೊದಲೇ ಎದ್ದು ನಡೆದ. ಆಕಾಶದಲ್ಲಿ ಒಂದು ಮೋಡವಿಲ್ಲ. ಇಷ್ಟು ಚೆಂದದ ಬಿಸಿಲನ್ನು ಬಯ್ದುಕೊಂಡು ನಡೆದವನು ಆ ದಿನ ಇಡೀ ತಾಲೂಕಿನಲ್ಲಿ ಅವನೊಬ್ಬನೇ ಇರಬೇಕು. ಮಡ್ಡಿಕೊಪ್ಪ ಕಾಣುವಷ್ಟರಲ್ಲಿ ಹೊತ್ತು ಏರಿತ್ತು, ಮಕ್ಕಳು ಮಗ್ಗಿ ಹೇಳುವ ದನಿ ದೂರದಿಂದಲೇ ಕೇಳಿಸಿತು. ಆ ದನಿ ಕೇಳಿ ಸಮಾಧಾನವೂ ಆಯಿತು, ದಿಗಿಲೂ ಆಯಿತು. ಕೊನೆಯ ಒಂದು ಹೊಲದ ಉದ್ದ ಓಡಿಯೇ ಬಂದ.

ಮಾಸ್ತರ ಮೈಲಾರಪ್ಪ ಬಡಕಲು ಮನುಷ್ಯ, ಕಮಿಟಿಯವರ ಎದುರು ದನಿ ಎತ್ತಿ ಗೊತ್ತಿಲ್ಲದವರು. ಕಾಗದ ಓದಿದರು, ಗೋಡೆ ನೋಡಿದರು, ಮತ್ತೆ ಓದಿದರು. ಅದನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು, ಮಗ್ಗಿ ನಿಲ್ಲಿಸಿ, ಎಲ್ಲರೂ ಎದ್ದು ಹಣಮಪ್ಪನ ಗುಡಿಯ ಕಟ್ಟೆಗೆ ನಡೆಯಿರಿ ಎಂದರು. ಬರೆಯುವ ಪಾಟಿ ಎತ್ತಿಕೊಳ್ಳಲೂ ಬಿಡಲಿಲ್ಲ. ನಲವತ್ತನ್ನೂ ಎಣಿಸಿ ಹೊರಗೆ ಕಳಿಸಿ, ಕೊನೆಗೆ ತಾವು ಬಂದರು.

ಗಳಿಗೆ ಹೊತ್ತಿನಲ್ಲಿ ಊರು ಸೇರಿತು, ಕುಬೇರಪ್ಪನವರೂ ಬಂದರು. ಗೋಡೆ ನಿಂತೇ ಇತ್ತು. ಸುಣ್ಣ ಬಳಿದುಕೊಂಡು, ಬೆಳ್ಳಗೆ, ಲಕ್ಷಣವಾಗಿ ನಿಂತಿತ್ತು. ತಾನು ಕಟ್ಟಿದ ಗೋಡೆ ಬೀಳುತ್ತದೆ ಎಂದು ಕಟ್ಟಿದವನೇ ಡಂಗುರ ಸಾರುವುದನ್ನು ಇವತ್ತೇ ಕಂಡೆವು ಎಂದು ಒಬ್ಬಿಬ್ಬರು ನಕ್ಕರು. ಮಧ್ಯಾಹ್ನವಾಯಿತು, ಹೊತ್ತು ವಾಲಿತು. ಗೋಡೆ ನಿಂತೇ ಇತ್ತು. ಹೂವಪ್ಪ ಜೀವಮಾನದಲ್ಲಿ ಮೊದಲ ಸಲ ತನ್ನ ಗೋಡೆಯೊಂದು ಬೀಳಲಿ ಎಂದು ಕಾದ. ಹಾಗೆ ಕಾಯುತ್ತಿರುವುದಕ್ಕೆ ತನ್ನ ಮೇಲೆ ತನಗೇ ಹೇಸಿಗೆ ಬಂತು.

ಮಕ್ಕಳನ್ನು ಒಳಗೆ ಕೂರಿಸಿ ಎಂದು ಕುಬೇರಪ್ಪ ಮಾಸ್ತರರಿಗೆ ಹೇಳಿದರು. ಮಾಸ್ತರರು ಜೇಬು ಮುಟ್ಟಿಕೊಂಡು, ಈ ಕಾಗದ ನನ್ನ ಹತ್ತಿರ ಇರುವವರೆಗೆ ಆಗುವುದಿಲ್ಲ ಎಂದರು. ಆಗ ಕುಬೇರಪ್ಪ ಹೂವಪ್ಪನನ್ನು ಶಾಲೆಯ ಬಾಗಿಲ ಹತ್ತಿರ ಕರೆದರು. ಅವರ ಮೊಮ್ಮಗಳು, ಎರಡನೆಯ ಇಯತ್ತೆಯ ಸರೋಜವ್ವ, ಅಜ್ಜನ ಕಿರುಬೆರಳು ಹಿಡಿದು ಜೊತೆಗೇ ಬಂದಳು.

“ಕಾಗದ ಹಿಂದಕ್ಕ ತಗೋ. ನಾ ಹರದ ಒಗೀತೇನಿ. ನಿನಗೂ ಕೇಸಿಲ್ಲ, ನಮಗೂ ಮಾನಗೇಡಿಲ್ಲ. ಗ್ವಾಡಿ ನಿಂತೈತಿ, ನೋಡಾಕತ್ತಿಯಲ್ಲ.”

ಹೂವಪ್ಪನಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು. ಮನೆ ನೆನಪಾಯಿತು, ಕರೆವ್ವ ನೆನಪಾದಳು. ಹೂಂ ಎಂಬ ಒಂದಕ್ಷರ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ.

“ಆಗಲ್ರಿ ಸಾವ್ಕಾರ್ರ. ಮೊದಲ ಸರೋಜವ್ವನ್ನ ಒಳಗ ಕಳಸ್ರಿ. ಆ ಗ್ವಾಡಿ ಬುಡಕ ಕುಂದ್ರಸ್ರಿ. ಆಮ್ಯಾಲೆ ನಾ ಕಾಗದ ತಗೋತೇನಿ.”

ಅಂದವನೇ ಹೆದರಿ, ಬಾಗಿಲಿಗೆ ಅಡ್ಡ ನಿಂತ. ಹಟಕ್ಕೆ ಬಿದ್ದು ಕಳಿಸಿಯೇ ಬಿಟ್ಟರೆ ತಡೆಯಬೇಕಲ್ಲ. ಕುಬೇರಪ್ಪ ಗೋಡೆಯನ್ನೇ ನೋಡುತ್ತ ನಿಂತರು. ದೊಡ್ಡವರ ಮಾತು ಹುಡುಗಿಗೆ ಎಷ್ಟು ತಿಳಿಯಿತೋ, ಅವಳಿಗೆ ಬೇಕಾದಷ್ಟು ತಿಳಿದಿತ್ತು.

“ನನ್ನ ಪಾಟಿ ಒಳಗ ಐತಿ ಅಜ್ಜಾ. ತರ್ತೇನಿ.”

ಬೆರಳು ಬಿಡಿಸಿಕೊಂಡು, ಹೂವಪ್ಪನ ತೋಳಿನ ಕೆಳಗೆ ನುಸುಳಿ ಹೊಸ್ತಿಲಿಗೆ ಕಾಲಿಟ್ಟಳು. ಕುಬೇರಪ್ಪ ಬಾಗಿ ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ಎಳೆದ ರಭಸಕ್ಕೆ ಹುಡುಗಿ ಅಂಗಳದ ಕೆಸರಿನಲ್ಲಿ ಬಿದ್ದು ಗಟ್ಟಿಯಾಗಿ ಅಳತೊಡಗಿದಳು. ಅವರು ಅವಳನ್ನು ಎತ್ತಿ ಎದೆಗೆ ಅವಚಿಕೊಂಡರು. ಆ ಕಟ್ಟಡದ ಬಗ್ಗೆ ಕುಬೇರಪ್ಪನವರಿಗೆ ಏನು ಗೊತ್ತಿತ್ತು ಎಂಬುದು ಈಗ ಇಡೀ ಊರಿಗೆ ಗೊತ್ತಾಗಿತ್ತು.

ಕೊನೆಗೆ ಅವರು ಯಾರ ಕಡೆಗೂ ನೋಡದೆ, ಹಾರೆ ಸಲಿಕೆ ತರಿಸಿ ಎಂದರು. ಹೂವಪ್ಪನಿಗೆ ಮಾತ್ರ ಕೇಳುವಂತೆ ಇನ್ನೊಂದು ಮಾತು ಹೇಳಿದರು.

“ಕಾಗದ ಇನ್ನ ಮುಚ್ಚಾಕ ಬರೂದಿಲ್ಲ. ಕಮಿಟಿಯವ್ರು ಅದನ್ನ ಕೋರ್ಟಿಗೆ ಒಯ್ತಾರು.”

“ಒಯ್ಯಲ್ರಿ,” ಎಂದ ಹೂವಪ್ಪ. ಧೋತರ ಮೇಲೆ ಕಟ್ಟಿಕೊಂಡು, ಜನರನ್ನೆಲ್ಲ ದೂರ ಸರಿಸಿ, ಗೋಡೆ ಕೆಡವಲು ಏಣಿ ಹತ್ತಿದ.